ಎರಡು ಜಡೆ, ಕೆಂಪು ಫ್ರಾಕು ಮತ್ತು ಚಾರ್‌ಮಿನಾರ್

ಸಣ್ಣ ಕೂಸನ್ನು ಕಟ್ಟಿಕೊಂಡು ಪಟ್ಟಣ ನೋಡಲು ಹೋದವರಿಗೆ ಪಟ್ಟಣವೊಂದನ್ನು ಬಿಟ್ಟು ಉಳಿದದ್ದೆಲ್ಲ ಕಾಣಿಸುತ್ತದೆ. ಇದು ನನಗೊಬ್ಬಳಿಗೇ ಆದದ್ದಲ್ಲ. ಸಿಂಧನೂರಿನ ನಮ್ಮ ಓಣಿಯಲ್ಲಿ ಯಾವ ಮನೆಯ ಬಾಗಿಲು ಬಡಿದು ಕೇಳಿದರೂ ಇಂಥ ಕಥೆ ಒಂದಲ್ಲ ಒಂದು ಸಿಗುತ್ತದೆ. ಆದರೆ ನನಗಾದಷ್ಟು ಮತ್ಯಾರಿಗೂ ಆಗಿಲ್ಲ ಎಂದು ಯಾವ ದೇವರ ಮುಂದೆ ಬೇಕಾದರೂ ನಿಂತು ಹೇಳುತ್ತೇನೆ.

ಎಂಬತ್ತರ ದಶಕದ ಕೊನೆಯ ಮಾತು. ನಮ್ಮ ಮನೆಯವರದು ಸಿಂಧನೂರಿನಲ್ಲಿ ಬಟ್ಟೆ ಅಂಗಡಿ. ಮಾಲು ತರಲು ಹೈದರಾಬಾದಿಗೆ ಹೋಗಿ ಬರುತ್ತಲೇ ಇದ್ದರು. ಮಸ್ಕಿಯಲ್ಲಿ ಹುಟ್ಟಿ ಸಿಂಧನೂರಿಗೆ ಸೊಸೆಯಾಗಿ ಬಂದ ನಾನು ಮಾತ್ರ "ಮುಂದಿನ ಸಲ ಕರ್ಕೊಂಡು ಹೋಗ್ತೀನಿ" ಎಂಬ ಮಾತನ್ನೇ ಉಂಡು ಉಟ್ಟು ಬದುಕುತ್ತಿದ್ದೆ. ಅದನ್ನೂ ತಡೆದುಕೊಳ್ಳುತ್ತಿದ್ದೆನೇನೋ. ಲಿಂಗಸುಗೂರಿನಲ್ಲಿರುವ ನನ್ನ ನಾದಿನಿಯನ್ನು ತಡೆದುಕೊಳ್ಳುವುದು ಆಗಲಿಲ್ಲ. ಅವಳ ಗಂಡ ಮದುವೆಯಾದ ಹೊಸತರಲ್ಲೇ ಅವಳನ್ನು ಹೈದರಾಬಾದಿಗೆ ಕರೆದುಕೊಂಡು ಹೋಗಿ, ಚಾರ್‌ಮಿನಾರ್ ಮುಂದೆ ಫೋಟೊ ತೆಗೆಸಿದ್ದ. ಅದು ಅವರ ಪಡಸಾಲೆಯಲ್ಲಿ ಬಾಗಿಲಿಗೆ ಸರಿಯಾಗಿ ಎದುರಿಗಿತ್ತು. ಅವರ ಮನೆಗೆ ಹೋದವರು ಮೊದಲು ಆ ಫೋಟೊ ನೋಡಬೇಕು, ಆಮೇಲೆ ಕೈಕಾಲಿಗೆ ನೀರು.

"ವೈನೀ, ನೀವಿನ್ನೂ ಹೋಗಿಲ್ಲೇನ್ರೀ?" ಎಂದು ಪ್ರತಿ ಸಲ ಕೇಳುತ್ತಿದ್ದಳು. ಹೋಗಿಲ್ಲವೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಹಾಗಾಗಿ ನನಗಿದ್ದ ಆಸೆ ಒಂದೇ. ಚಾರ್‌ಮಿನಾರ್ ಮುಂದೆ ನಾನು, ಅವರು, ನಮ್ಮ ಮಗ, ಮೂವರೂ ನಿಂತ ಒಂದು ಫೋಟೊ ನಮ್ಮ ಮನೆಯ ಗೋಡೆಗೂ ಬೇಕು. ಉಳಿದ ಹೈದರಾಬಾದನ್ನು ಯಾರು ಬೇಕಾದರೂ ಇಟ್ಟುಕೊಳ್ಳಲಿ.

ಅತ್ತೆಯ ಅಪ್ಪಣೆ

ನಮ್ಮ ಮಗ ಹರಕೆ ಹೊತ್ತು, ಕಾದು ಕಾದು ಹುಟ್ಟಿದವನು. ಮಸ್ಕಿಯ ದೇವರಿಗೆ ಜವಳ ಕೊಡುವ ತನಕ ಅವನ ತಲೆಗೆ ಕತ್ತರಿ ತಾಗಿಸುವಂತಿರಲಿಲ್ಲ. ಅದು ಎಲ್ಲರ ಮನೆಯಲ್ಲೂ ಇರುವುದೇ. ನಮ್ಮ ಅತ್ತೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಯಾರ ದೃಷ್ಟಿಯೂ ತಾಗಬಾರದೆಂದು ಅವನಿಗೆ ಎರಡು ಜಡೆ ಹೆಣೆದು, ರಿಬ್ಬನ್ ಕಟ್ಟಿ, ಫ್ರಾಕು ಹಾಕುತ್ತಿದ್ದರು. ಆ ವರ್ಷ ನಮ್ಮ ಅಂಗಡಿಗೆ ಹೈದರಾಬಾದಿನಿಂದ ಬಂದಿದ್ದ ಕೆಂಪು ಫ್ರಾಕು, ಮೈತುಂಬ ಬಿಳಿ ಚುಕ್ಕಿ. ಸಿಂಧನೂರಿನ ಅರ್ಧ ಹುಡುಗಿಯರ ಮೈಮೇಲೆ ಅದೇ ಇತ್ತು, ನಮ್ಮ ಮಗನ ಮೈಮೇಲೂ ಅದೇ.

"ಹೋಗ್ರಿ, ನಾ ಬ್ಯಾಡ ಅನ್ನಂಗಿಲ್ಲ," ಎಂದರು ಅತ್ತೆ. "ಆದ್ರ ಜಡಿ ಬಿಚ್ಚಬ್ಯಾಡ್ರಿ. ಫ್ರಾಕ್ ತೆಗೀಬ್ಯಾಡ್ರಿ. ಗಂಡುಕೂಸು ಅಂತ ದಾರ್ಯಾಗ ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ. ಪಟ್ಟಣದಾಗ ಎಂಥೆಂಥಾ ಕಣ್ಣು ಇರ್ತಾವೋ."

"ಫೋಟೊ ತೆಗಿಯೋ ಹೊತ್ತಿಗಾದ್ರೂ ಚಡ್ಡಿ ಅಂಗಿ ಹಾಕ್ತೀನ್ರೀ ಅತ್ತೀ," ಎಂದು ನಾನು ಗೋಗರೆದೆ.

"ಫೋಟೊಕ್ಕೂ ಕಣ್ಣು ಇರತೈತಿ," ಎಂದರು. ಮುಗಿಯಿತು.

ನಾನೂ ಸುಮ್ಮನಿರುವವಳಲ್ಲ. ಹೊಸ ಚಡ್ಡಿ, ಅಂಗಿ ತೆಗೆದು ಸೂಟ್‌ಕೇಸಿನ ತಳದಲ್ಲಿ, ನನ್ನ ಸೀರೆಗಳ ಕೆಳಗೆ ಇಟ್ಟೆ. ಹೊರಡುವ ಮುಂಜಾನೆ ಅತ್ತೆ ರೊಟ್ಟಿಗಂಟು ಇಡುವ ನೆವದಲ್ಲಿ ಸೂಟ್‌ಕೇಸನ್ನೆಲ್ಲ ತಿರುವಿ ಹಾಕಿ, ಗೇಣುದ್ದದ ಆ ಚಡ್ಡಿಯನ್ನು ಮೇಲೆತ್ತಿ ಹಿಡಿದರು. "ಇದು ಯಾರದು?"

ಹೆಂಡತಿಯನ್ನು ಕಾಪಾಡುವ ಹುರುಪಿನಲ್ಲಿ ನಮ್ಮ ಮನೆಯವರು, "ನಂದಬೇ ಯವ್ವಾ," ಎಂದುಬಿಟ್ಟರು.

ಅತ್ತೆ ಮಗನನ್ನು ಮೇಲಿಂದ ಕೆಳಗೆ ನೋಡಿದರು, ಚಡ್ಡಿಯನ್ನೂ ನೋಡಿದರು. "ನಿನಗ ಬಿಗಿ ಆಗತೈತಿ ಬಿಡಪಾ," ಎಂದು ಅದನ್ನು ತಮ್ಮ ಟ್ರಂಕಿನಲ್ಲಿಟ್ಟು ಕೀಲಿ ಹಾಕಿದರು.

ರೈಲಿನಲ್ಲಿ ಬೀಗತನ

ರಾಯಚೂರಿನ ತನಕ ಬಸ್ಸು, ಅಲ್ಲಿಂದ ರೈಲು. ನಮ್ಮೆದುರಿಗೆ ಜವಳಗೇರಾದ ಒಬ್ಬ ಅಜ್ಜಿ ಕೂತಿದ್ದಳು. ಹೈದರಾಬಾದಿನಲ್ಲಿದ್ದ ಮಗಳ ಮನೆಗೆ ಹೊರಟವಳು, ಮಡಿಲಲ್ಲಿ ದೊಡ್ಡ ಕೈಚೀಲ. ನಮ್ಮ ಮಗನನ್ನು ನೋಡಿ ಕಣ್ಣರಳಿಸಿದಳು.

"ಏನ್ ಚಂದ ಐತವ್ವಾ ನಿನ್ನ ಮಗಳು! ಬಂಗಾರದ ಗೊಂಬಿ ಆಗ್ಯಾಳ. ಯಾರ ಪೈಕಿ ನೀವು?"

ನಾವು ನಮ್ಮ ಮನೆತನ ಹೇಳಿದೆವು. ಅಜ್ಜಿ ತನ್ನದು ಹೇಳಿದಳು. ಅವಳ ಅಕ್ಕನ ನೆಗೆಣ್ಣಿಯ ತವರು ನಮ್ಮತ್ತೆಯ ತವರಿನ ಬೀದಿಯಲ್ಲೇ ಇದೆ ಎಂದು ಗೊತ್ತಾದ ಕೂಡಲೇ ಅವಳು ಗಟ್ಟಿಯಾಗಿ ಕೂತಳು. "ಹಂಗಾದ್ರ ಮಾತ ಮುಗೀತು. ನನ್ನ ಮೊಮ್ಮಗಗ ಇದನ್ನ ತಂದ್ಕೊಂಡು ಬಿಡ್ತೀನಿ. ಮನಿ ಮಂದೀನ ಆದ್ವೆಲ್ಲ!"

ನಾನು ನಮ್ಮ ಮನೆಯವರ ಮುಖ ನೋಡಿದೆ. ಗಂಡುಕೂಸು ಎಂದು ಬಾಯಿ ಬಿಡಬಾರದೆಂಬ ಅಪ್ಪಣೆ ಅವರ ಕಿವಿಯಲ್ಲಿ ಇನ್ನೂ ಬಿಸಿಯಾಗಿತ್ತು. ತಾಯಿಯ ಮಾತು ಮೀರದ ಮಗ ಅವರು. "ದೊಡ್ಡಾಕಿ ಆಗ್ಲಿ ಬಿಡಬೇ ಅಜ್ಜಿ, ಆಮ್ಯಾಲ ನೋಡಣಂತ," ಎಂದರು. ನಾನು ಅವರ ತೊಡೆ ಚಿವುಟಿದೆ. ಅವರು ಆ ಕಡೆ ತಿರುಗಿ ಕೂತರು.

ಅಜ್ಜಿಗೆ ಅಷ್ಟು ಸಾಕಾಯಿತು. ಮಗಳಿಗೆಂದು ಒಯ್ಯುತ್ತಿದ್ದ ಕುಬ್ಸದ ಕಣ, ಒಂದು ಕೊಬ್ಬರಿ ಬಟ್ಟಲು ಕೈಚೀಲದಿಂದ ತೆಗೆದು, ನಮ್ಮ ಮಗನ ಫ್ರಾಕನ್ನು ಹಿಡಿದು ಉಡಿ ತುಂಬಿಯೇ ಬಿಟ್ಟಳು. ಪಕ್ಕದ ಹೆಂಗಸರು ಸೋಬಾನೆ ಶುರು ಮಾಡುವುದೊಂದು ಬಾಕಿ.

ಅಷ್ಟರಲ್ಲಿ ರೈಲು ಯಾವುದೋ ಸಣ್ಣ ಸ್ಟೇಷನ್ನಿನಲ್ಲಿ ನಿಂತಿತು. ಮಗ "ಒಂದಕ್ಕ, ಒಂದಕ್ಕ" ಎಂದು ಕುಣಿದ. ನಮ್ಮ ಮನೆಯವರು ಅವನನ್ನು ಎತ್ತಿಕೊಂಡು ಇಳಿದು ಓಡಿದರು. ಇಡೀ ಪ್ಲಾಟ್‌ಫಾರ್ಮಿನಲ್ಲಿ ಅವರಿಗೆ ಸಿಕ್ಕ ಗಿಡ ಅಜ್ಜಿಯ ಕಿಟಕಿಯ ಎದುರಿಗೇ ಇತ್ತು. ಮಗ ಫ್ರಾಕು ಎತ್ತಿ ಹಿಡಿದು, ನಿಂತುಕೊಂಡು, ಗಂಡಸರ ಹಾಗೆ ಕೆಲಸ ಮುಗಿಸಿದ.

ರೈಲು ಹೊರಟಿತು. ಅವರಿಬ್ಬರೂ ಒಳಗೆ ಬಂದು ಕೂತರು. ಅಜ್ಜಿ ಕೈಚೀಲದ ಬಾಯಿ ಬಿಚ್ಚಿ ಹಿಡಿದಳು. ಆಮೇಲೆ ನನ್ನ ಕಡೆ ಕೈ ಚಾಚಿದಳು.

"ಕಣ ಕೊಡವ್ವಾ. ಕೊಬ್ಬರಿ ಇರ್ಲಿ, ಅದನ್ನ ಆಗಳೇ ಕಡದಾನ."

ಬಾಗಿಲಿಗೆ ಕಟ್ಟಿದ ಜೋಳಿಗೆ

ನಮ್ಮ ಮಗನಿಗೆ ಸೀರೆಯ ಜೋಳಿಗೆಯಲ್ಲಿ ಹಾಕಿ ತೂಗಿದರೆ ಮಾತ್ರ ನಿದ್ದೆ. ಸಿಂಧನೂರಿನ ಮನೆಯಲ್ಲಿ ತೊಲೆಗೆ ಕಟ್ಟುತ್ತಿದ್ದೆವು. ಹೈದರಾಬಾದಿನಲ್ಲಿ ನಾವು ಇಳಿದುಕೊಂಡ ಲಾಡ್ಜಿನಲ್ಲಿ ತೊಲೆ ಎಲ್ಲಿಂದ ಬರಬೇಕು? ಮೇಲೆ ಫ್ಯಾನು, ಕೆಳಗೆ ಮಂಚ. ಮಗ ಮಧ್ಯಾಹ್ನದ ಊಟ ಮುಗಿಸಿ, ಕಣ್ಣು ಉಜ್ಜಿಕೊಂಡು, ಇಡೀ ಲಾಡ್ಜಿಗೆ ಕೇಳುವ ಹಾಗೆ ರಾಗ ತೆಗೆದ. ಊರು ನೋಡುವ ಮೊದಲ ದಿನ ಹೀಗೆ ಶುರುವಾಯಿತು.

"ತಡಿ, ನಾ ಅದೀನಿ," ಎಂದು ನಮ್ಮ ಮನೆಯವರು ನನ್ನ ಸೀರೆಯ ಒಂದು ತುದಿಯನ್ನು ಕಿಟಕಿಯ ಸರಳಿಗೆ, ಇನ್ನೊಂದು ತುದಿಯನ್ನು ಬಾಗಿಲ ಹಿಡಿಕೆಗೆ ಬಿಗಿದು ಕಟ್ಟಿದರು. ಜೋಳಿಗೆ ಚೆನ್ನಾಗಿಯೇ ಆಯಿತು. ಮಗ ಒಳಗೆ ಬಿದ್ದ ಕೂಡಲೇ ಸುಮ್ಮನಾದ. ಆಮೇಲೆ ನಮಗೆ ಹೊಳೆಯಿತು: ಅವನು ಏಳುವ ತನಕ ಬಾಗಿಲು ತೆಗೆಯುವಂತಿಲ್ಲ. ಹೊರಗೆ ಹೈದರಾಬಾದು, ಒಳಗೆ ನಾವಿಬ್ಬರು, ನಡುವೆ ಜೋಳಿಗೆ.

"ಇದನ್ನ ನೋಡಾಕ ನಾ ಇಲ್ಲಿಗೆ ಬಂದೀನೇನು?" ಎಂದು ಪಿಸುಗುಟ್ಟಿದೆ.

"ಮೆಲ್ಲಕ ಮಾತಾಡಲೇ, ಏಳ್ತಾನ."

ಆಗಲೇ ಚಹಾ ತಂದ ಲಾಡ್ಜಿನ ಮಾಣಿ ಬಾಗಿಲು ಎಳೆದ. ಆ ಬಾಗಿಲು ಹೊರಗೆ ತೆರೆಯುವಂಥದ್ದು. ಬಾಗಿಲು ತುಸು ಜರುಗಿತು, ಸೀರೆ ಬಿಗಿಯಿತು, ಜೋಳಿಗೆ ತೂಗಿತು. ಅವನು ಬಿಟ್ಟ, ಮತ್ತೆ ಎಳೆದ. ಜೋಳಿಗೆ ಮತ್ತೆ ತೂಗಿತು. ಕಣ್ಣು ಬಿಡುತ್ತಿದ್ದ ಮಗ ಬೆರಳು ಚೀಪುತ್ತ ಮತ್ತೆ ನಿದ್ದೆಗೆ ಜಾರಿದ.

ಹೊರಗಿನಿಂದ ಮಾಣಿ ಬಾಗಿಲು ಕೆಟ್ಟಿದೆಯೇ ಎಂದು ಉರ್ದುವಿನಲ್ಲಿ ಕೂಗಿ ಕೇಳಿದ. ನಮ್ಮ ಮನೆಯವರು ಬಾಗಿಲ ಸಂದಿಗೆ ಬಾಯಿ ಇಟ್ಟು, ಅಷ್ಟೇ ಮರ್ಯಾದೆಯ ಉರ್ದುವಿನಲ್ಲಿ ಉತ್ತರ ಕೊಟ್ಟರು. ಕೆಟ್ಟಿಲ್ಲ ಮಿಯಾ, ಚಹಾ ಕೆಳಗಿಡು, ಇನ್ನೂ ಸ್ವಲ್ಪ ಹೊತ್ತು ಹೀಗೇ ಎಳಿತಾ ಇರು.

ಝೂನಲ್ಲಿ ಕಂಡದ್ದು

ಮರುದಿನ ಝೂ. ಹುಲಿಯ ಮುಂದೆ ನಿಲ್ಲಿಸಿದೆವು, ಮಗ ನನ್ನ ಬಳೆ ಎಣಿಸುತ್ತಿದ್ದ. ಸಿಂಹ ಗುಡುಗಿತು, ಇವನು ಆಕಳಿಸಿದ. ಆನೆ ತೋರಿಸಲು ಅವರು ಹೆಗಲ ಮೇಲೆ ಹೊತ್ತುಕೊಂಡು ನಿಂತರೆ, ಅಪ್ಪನ ಕೂದಲು ಹಿಡಿದು ಜಡೆ ಹೆಣೆಯಲು ನೋಡಿದ. ಅಷ್ಟರಲ್ಲಿ ಪ್ರಾಣಿಗಳಿಗೆ ಹುಲ್ಲು ಹೇರಿಕೊಂಡು ಒಂದು ಎಮ್ಮೆಗಾಡಿ ಬಂತು.

"ಎಮ್ಮೀ!" ಎಂದು ಚೀರಿದ. ಹೆಗಲಿನಿಂದ ಜಾರಿ ಗಾಡಿಯ ಹಿಂದೆ ಓಡಿದ. ಗಾಡಿ ನಿಂತಲ್ಲಿ ನಿಂತ, ಹೋದಲ್ಲಿ ಹೋದ. ಬಿಸಿಲಿನಲ್ಲಿ ಅವನ ಹಿಂದೆ ನಾವು. ಸಿಂಧನೂರಿನಲ್ಲಿ ದಿನಾ ಮುಂಜಾನೆ ನಮ್ಮ ಕಟ್ಟೆಗೆ ಬಂದು ಮೈ ತಿಕ್ಕುವ ಎಮ್ಮೆಯನ್ನು ನಾನು ಕೋಲು ಹಿಡಿದು ಅಟ್ಟುತ್ತೇನೆ. ಅದೇ ಜಾತಿಯದರ ಹಿಂದೆ ಹೈದರಾಬಾದಿನಲ್ಲಿ ರೇಷ್ಮೆ ಸೀರೆ ಉಟ್ಟು ಓಡಿದೆ.

ಊರಿಗೆ ಬಂದ ಮೇಲೆ ಓಣಿಯವರೆಲ್ಲ "ಹೈದ್ರಾಬಾದ್ನಾಗ ಏನ್ ನೋಡಿದ್ಯೋ?" ಎಂದು ಕೇಳಿದಾಗ ಅವನ ಉತ್ತರ ಒಂದೇ. "ಎಮ್ಮಿ." ಅದನ್ನು ಕೇಳಿದ ಪಕ್ಕದ ಮನೆಯಾಕೆ, "ಅದನ್ನ ತೋರ್ಸಾಕ ಅಷ್ಟು ದೂರ ಹೋಗಬೇಕಿತ್ತೇನ್ ನೀವು? ನಮ್ಮ ಹಿತ್ತಲಕ್ಕ ಬಂದಿದ್ರ ಆಗ್ತಿತ್ತು," ಎಂದಳು.

ಫೋಟೊ

ಇಷ್ಟಾದರೂ ನಾನು ಹಲ್ಲು ಕಚ್ಚಿಕೊಂಡಿದ್ದೆ, ಯಾಕೆಂದರೆ ಫೋಟೊ ಇನ್ನೂ ಬಾಕಿ ಇತ್ತು. ಕೊನೆಯ ದಿನ ಬೆಳಿಗ್ಗೆ ಚಾರ್‌ಮಿನಾರಿಗೆ ಹೋದೆವು. ಮಗನಿಗೆ ಜಡೆ ಬಿಗಿಯಾಗಿ ಹೆಣೆದು, ಒಗೆದ ಫ್ರಾಕು ಹಾಕಿ, ಅತ್ತೆ ಹೇಳಿದ ಹಾಗೆ ಗಲ್ಲಕ್ಕೆ ದೊಡ್ಡ ದೃಷ್ಟಿಬೊಟ್ಟು ಇಟ್ಟಿದ್ದೆ. ಅಲ್ಲಿ ನೋಡಿದರೆ ಕಾಲಿಟ್ಟಲ್ಲೆಲ್ಲ ಜನ, ಬಳೆಗಾಡಿಗಳು, ರಿಕ್ಷಾಗಳು. ಆ ಬಿಳಿ ಚುಕ್ಕಿಯ ಕೆಂಪು ಫ್ರಾಕು ಹುಟ್ಟಿದ ಊರೇ ಅದು, ಹಾಗಾಗಿ ಅವೂ ಬೇಕಾದಷ್ಟು ಓಡಾಡುತ್ತಿದ್ದವು.

ಅಲ್ಲಿಯೇ ನಿಂತು ಫೋಟೊ ತೆಗೆದು, ಟಪಾಲಿನಲ್ಲಿ ಮನೆಗೆ ಕಳಿಸುವ ಫೋಟೊಗ್ರಾಫರ್ ಒಬ್ಬ ಸಿಕ್ಕ. ನಮ್ಮನ್ನು ನಿಲ್ಲಿಸಿದ. ನಾನು ಮೊದಲೇ ಹೇಳಿದೆ, ನಾಲ್ಕೂ ಮಿನಾರು ಬರಬೇಕು. ಲಿಂಗಸುಗೂರಿನ ಫೋಟೊದಲ್ಲಿ ಎರಡೇ ಇದ್ದವು.

ನಮ್ಮ ಮನೆಯವರು ಕನ್ನಡಕ ತೆಗೆದು ಜೇಬಿಗಿಟ್ಟರು. "ಫೋಟೊದಾಗ ಹೊಳಿತಾವು," ಎಂದರು. ಅದು ಇಲ್ಲದಿದ್ದರೆ ಅವರಿಗೆ ಎದುರಿಗೆ ನಿಂತದ್ದು ಮನುಷ್ಯನೋ ಕಂಬವೋ ತಿಳಿಯುವುದಿಲ್ಲ. ಫೋಟೊಗ್ರಾಫರ್ ನನಗೆ ಗದ್ದ ಎತ್ತಿಸಿ, ಕ್ಯಾಮರಾ ಬಿಟ್ಟು ಬೇರೆ ಕಡೆ ಕಣ್ಣು ಹೊರಳಿಸಬೇಡಿ ಎಂದು ಗದರಿದ. ನಾನು ಉಸಿರು ಬಿಗಿಹಿಡಿದು ನಿಂತೆ. ಸೆರಗು ಹಿಡಿದಿದ್ದ ಮಗನ ಕೈ ಸಡಿಲಾದದ್ದು ಗೊತ್ತಾಯಿತು.

"ರೀ, ಎತ್ಕೊಳ್ರಿ ಅವನ್ನ," ಎಂದೆ, ತುಟಿ ಅಲ್ಲಾಡಿಸದೆ.

ಅವರು ಬಗ್ಗಿ ಎತ್ತಿಕೊಂಡರು. ಕ್ಯಾಮರಾ ಟಕ್ ಎಂದಿತು. ಮರುಗಳಿಗೆಯೇ ಕೂಸು ಕೊಸರಿ ಇಳಿದು ಓಡಿತು. ಅವರು ಕನ್ನಡಕ ಹಾಕಿಕೊಳ್ಳುವಷ್ಟರಲ್ಲಿ, ನಾನು ಗದ್ದ ಇಳಿಸುವಷ್ಟರಲ್ಲಿ, ಮಗ ಆಚೆ ಬಳೆಗಾಡಿಯ ಹತ್ತಿರ ಎರಡೂ ಕೈತುಂಬ ಬಳೆ ಇಟ್ಟುಕೊಂಡು ನಿಂತಿದ್ದ.

"ಎಷ್ಟು ಲಗೂನ ಹೋಗ್ಯಾನ ನೋಡು!" ಎಂದು ಅಪ್ಪನಿಗೆ ಹೆಮ್ಮೆ.

ನಾವು ಊರಿಗೆ ಮರಳಿದ ಮೇಲೆ ಟಪಾಲಿನಲ್ಲಿ ಫೋಟೊದ ಲಕೋಟೆ ಬಂತು. ನಾನು ಒಡೆಯಲಿಲ್ಲ, ಯಾರಿಗೂ ಒಡೆಯಲು ಬಿಡಲಿಲ್ಲ. ಲಿಂಗಸುಗೂರಿಗೆ ಹೇಳಿಕಳಿಸಿ ನಾದಿನಿಯನ್ನು ಕರೆಸಿದೆ. ಹೋಳಿಗೆ ಮಾಡಿದೆ. ಊಟವಾದ ಮೇಲೆ ಎಲ್ಲರ ನಡುವೆ ಕೂತು, ಲಕೋಟೆ ಒಡೆದು, ಒಳಗಿನದನ್ನು ನಾನೂ ನೋಡದೆ ಅವಳ ಕೈಗೆ ಕೊಟ್ಟೆ.

ಅವಳು ನೋಡಿದಳು. ಮುಖ ಸಣ್ಣದಾಯಿತು. "ನಾಕೂ ಮಿನಾರ್ ಬಂದಾವಲ್ರೀ ವೈನೀ," ಎಂದಳು. ಇಷ್ಟು ವರ್ಷದ ಉರಿ ನನಗೆ ಆ ಒಂದು ಮಾತಿನಲ್ಲಿ ತಣ್ಣಗಾಯಿತು. ಆಮೇಲೆ ಅವಳು ಫೋಟೊವನ್ನು ಕಣ್ಣಿನ ಹತ್ತಿರ ಹಿಡಿದಳು.

"ಅಣ್ಣ ಎತ್ಕೊಂಡಿರೋ ಕೂಸು ಯಾರದ್ರೀ?"

ಕಿತ್ತುಕೊಂಡು ನೋಡಿದೆ. ಎರಡು ಜಡೆ ಇತ್ತು. ಕೆಂಪು ಫ್ರಾಕು ಇತ್ತು. ಗಲ್ಲಕ್ಕೆ ದೃಷ್ಟಿಬೊಟ್ಟು ಇರಲಿಲ್ಲ. ಮೂಗಿನಲ್ಲಿ ನತ್ತು ಇತ್ತು! ಯಾರದೋ ಮಗಳು, ಇದ್ಯಾರಪ್ಪಾ ನನ್ನನ್ನು ಎತ್ತಿಕೊಂಡವನು ಎಂದು ನಮ್ಮ ಮನೆಯವರ ಮುಖವನ್ನೇ ಬೆರಗಾಗಿ ನೋಡುತ್ತಿತ್ತು. ಅವರು ಅದನ್ನು ಎದೆಗೆ ಒತ್ತಿಕೊಂಡು ನಗುತ್ತಿದ್ದರು. ದೂರದ ಮೂಲೆಯಲ್ಲಿ, ಬಳೆಗಾಡಿಯ ಹತ್ತಿರ, ನನ್ನ ಮಗನ ಬೆನ್ನು ಕಾಣುತ್ತಿತ್ತು.

"ರೀ!" ಎಂದು ಚೀರಿದೆ. ಅವರು ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು ನೋಡಿದರು.

"ನನಗ ಕಾಣಂಗಿಲ್ಲ ಅಂತ ನಿನಗ ಗೊತ್ತಿತ್ತಿಲ್ಲ? ನೀನರ ನೋಡಬೇಕಿತ್ತು!"

"ಕಣ್ಣು ಹೊಳ್ಳಿಸಬ್ಯಾಡ ಅಂದಿದ್ದ ಅಂವಾ!"

ನಾದಿನಿ ಸೆರಗು ಬಾಯಿಗಿಟ್ಟುಕೊಂಡಳು. ಈ ಫೋಟೊ ಇನ್ನು ಯಾವ ಗೋಡೆಗೂ ಏರುವುದಿಲ್ಲ ಎಂದು ನನಗೆ ಖಾತ್ರಿಯಾಯಿತು. ನಾಚಿಕೆ ಬಿಟ್ಟು ಗೊಳೋ ಎಂದು ಅತ್ತುಬಿಟ್ಟೆ.

ಅಲ್ಲಿಯ ತನಕ ಮೂಲೆಯಲ್ಲಿ ಅಡಿಕೆ ಕತ್ತರಿಸುತ್ತಿದ್ದ ಅತ್ತೆ ಎದ್ದು ಬಂದು ಫೋಟೊ ಇಸಿದುಕೊಂಡರು. ಬೆಳಕಿಗೆ ಹಿಡಿದು ಎತ್ತಿಕೊಂಡ ಕೂಸನ್ನು ನೋಡಿದರು, ನಗುತ್ತಿದ್ದ ತಮ್ಮ ಮಗನ ಮುಖ ನೋಡಿದರು. ನಾನು ಆ ಮನೆಗೆ ಬಂದ ಮೇಲೆ ಅವರು ಅಷ್ಟು ಸಂತೋಷಪಟ್ಟದ್ದನ್ನು ನೋಡಿರಲಿಲ್ಲ.

"ತಮ್ಮಾ, ಒಂದು ಮೊಳಿ ತಗೊಂಡ್ ಬಾ. ಬಾಗಿಲಕ್ಕ ಎದುರೀಗೇ ಹೊಡಿ," ಎಂದು ಮಗನಿಗೆ ಹೇಳಿದರು. ನನ್ನ ಕಡೆ ತಿರುಗಿದರು. "ನೀ ಯಾಕ ಅಳ್ತಿಯವ್ವಾ? ಹಡದ ಅಪ್ಪಗೇ ಗುರ್ತು ಸಿಕ್ಕಿಲ್ಲ ಅಂದಮ್ಯಾಲ ದೃಷ್ಟಿಗೆ ಎಲ್ಲಿಂದ ಸಿಗಬೇಕು?"