ಅತ್ತೆ ಕೂತದ್ದು ಎರಡೇ ಸಲ

ನಮ್ಮ ಸೋದರತ್ತೆ ಕೂತದ್ದನ್ನು ನಾನು ನನ್ನ ಜೀವಮಾನದಲ್ಲಿ ನೋಡಿರುವುದು ಎರಡೇ ಸಲ! ಮೊದಲನೆಯದು ಮಡಿಕೇರಿಯ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ. ಅಲ್ಲಿಯೂ ಬಾಯಿತುಂಬ ಹತ್ತಿ ಇಟ್ಟುಕೊಂಡೇ ಎದ್ದು ಓಡಾಡಲು ಹೋಗಿ ಬೈಸಿಕೊಂಡರು. ಎರಡನೆಯದನ್ನು ಕೊನೆಗೆ ಹೇಳುತ್ತೇನೆ. ಊಟ ನಿಂತು, ಕಾಫಿ ನಡೆಯುತ್ತಾ, ಫೋನು ಅಂಗಳ ಸುತ್ತುತ್ತಾ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದ ಈ ಹೆಂಗಸು, ಅಷ್ಟೂ ವರ್ಷ ಕುರ್ಚಿಯ ಮೇಲೆ ಕೊಡೆಯನ್ನು ಕೂರಿಸಿದರೇ ಹೊರತು ತಾವು ಕೂರಲಿಲ್ಲ.

ಹೋದ ವರ್ಷ ಒಂದು ಭಾನುವಾರ, ಸುಂಟಿಕೊಪ್ಪದಾಚೆಗಿನ ಅವರ ಮನೆಯ ಜಗಲಿಯಲ್ಲಿ ಇದ್ದವರು ಇಷ್ಟು: ಅತ್ತೆ, ಅವರ ನಾಯಿ, ಕುಶಾಲನಗರದಿಂದ ಬಾಳೆಗೊನೆ ಕೊಡಲು ಬಂದ ನಾನು, ಎಸ್ಸೆಸ್ಸೆಲ್ಸಿ ಕನ್ನಡಕ್ಕೆ ಮನೆಪಾಠ ಕೇಳಿಕೊಂಡು ಬಂದ ಐದು ಮಕ್ಕಳು. ನಾಲ್ವರು ಕುರ್ಚಿ ಹಿಡಿದರು. ಐದನೆಯವಳು ಸೆಲ್ವಿ, ಅಂಗಳದಲ್ಲಿ ಚಪ್ಪಲಿಗಳ ಪಕ್ಕ ನಿಂತಳು. ಅವಳಮ್ಮ ಅತ್ತೆಯ ತೋಟದಲ್ಲೇ ಕಾಫಿ ಕೊಯ್ಯುವವಳು, ವಾಸ ತೋಟದ ಕೂಲಿಯವರ ಸಾಲುಮನೆ ಲೈನಿನಲ್ಲಿ, ಮನೆಮಾತು ತಮಿಳು. ಹುಡುಗಿ ಗಣಿತದಲ್ಲಿ ಹುಲಿ, ಕನ್ನಡದಲ್ಲಿ ಮಾತ್ರ ಫೇಲು. "ಈ ಸಲವೂ ಹೋಯ್ತೋ, ಮುಂದಿನ ಪಿಕಿಂಗಿಗೆ ನೀನೂ ಸೊಂಟಕ್ಕೆ ಚೀಲ ಕಟ್ಟು" ಎಂದು ಅಮ್ಮ ಹೇಳಿಯಾಗಿತ್ತು.

"ಬಂದು ಕೂತ್ಕೊಳ್ಳೇ."

"ಬೇಡ ಮೇಡಂ."

"ಕುರ್ಚಿ ಕಚ್ಚಲ್ಲ ಕಣೇ!"

"ಪರವಾಗಿಲ್ಲ ಮೇಡಂ, ನಿಂತ್ಕೊಂಡೇ ಕೇಳ್ತೀನಿ."

ಅವಳಮ್ಮನೂ ಅಷ್ಟೇ. ಇಪ್ಪತ್ತು ವರ್ಷದಿಂದ ಆ ಅಂಗಳದಲ್ಲಿ ನಿಂತೇ ಕಾಫಿ ಕುಡಿದವಳು. ಅತ್ತೆ ಖಾಲಿ ಕುರ್ಚಿ ನೋಡಿದರು, ಹುಡುಗಿಯನ್ನು ನೋಡಿದರು, ಆಮೇಲೆ ಉಳಿದ ನಾಲ್ವರ ಮೇಲೆ ಹರಿಹಾಯ್ದರು. "ಏಳ್ರೋ ಎಲ್ಲ! ಕೂತವರ ತಲೆಗೆ ಕನ್ನಡ ಹತ್ತಲ್ಲ. ನಡೀರಿ ತೋಟಕ್ಕೆ!"

ನನಗೆ ನಗು. ಅಲ್ಲ, ಕೂರದೇ ಇರಲು ಈಯಮ್ಮನಿಗೆ ನೆಪ ಬೇರೆ ಬೇಕೆ?

ಅಂದಿನಿಂದ ಪಾಠವೆಂದರೆ ಮೆರವಣಿಗೆ. ಮುಂದೆ ಅತ್ತೆ, ಹಿಂದೆ ಐದು ಮಕ್ಕಳು, ಕೊನೆಗೆ ನಾಯಿ. ಪಠ್ಯಪುಸ್ತಕವನ್ನು ಅತ್ತೆ ತೋಟಕ್ಕೆಲ್ಲ ಹಂಚಿಬಿಟ್ಟರು. ಮೊದಲ ಪದ್ಯ ಗೇಟಿನ ಹತ್ತಿರದ ಸಿಲ್ವರ್ ಮರಕ್ಕೆ. ಎರಡನೇ ಗದ್ಯ ನೀರಿನ ಟ್ಯಾಂಕಿಗೆ. ಹಳಗನ್ನಡ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಗೆ, ಏಕೆಂದರೆ "ಅಲ್ಲೂ ಸಿಪ್ಪೆ ತೆಗೆದರೇನೇ ಬೀಜ ಕಾಣೋದು!" ಪ್ರತಿ ಜಾಗದಲ್ಲೂ ಅಲ್ಲಿಯ ಪಾಠವನ್ನೇ ಹೇಳಬೇಕು. ಟ್ಯಾಂಕಿನ ಹತ್ತಿರ ನಿಂತು ಹಳಗನ್ನಡ ಹೇಳಿದವರು ಗೇಟಿನಿಂದ ಮತ್ತೆ ನಡೆದು ಬರಬೇಕು. ನಾನು ನೋಡಲು ಹೋದವನು, ನನ್ನನ್ನೂ ಎರಡು ಸಲ ಗೇಟಿಗೆ ಅಟ್ಟಿದರು!

ಒಂದು ಬೆಳಿಗ್ಗೆ ತೋಟಕ್ಕೆ ಆನೆ ನುಗ್ಗಿತು. ಎಲ್ಲರೂ ಮನೆಯೊಳಗೆ. ಅರಣ್ಯ ಇಲಾಖೆಯವರಿಗೆ ಫೋನು ಮಾಡಿದವಳು ಮಕ್ಕಳಲ್ಲೇ ಬಾಯಿ ಜೋರಿನ ಶಮೀನಾ.

"ಸಾರ್, ಆನೆ ಎರಡನೇ ಗದ್ಯದಿಂದ ಇಳಿದು ಹಳಗನ್ನಡದ ಕಡೆ ಹೋಗ್ತಾ ಉಂಟು!"

"ಅದ್ಯಾವ ಊರಮ್ಮಾ?"

ಅತ್ತೆ ಫೋನು ಕಿತ್ತುಕೊಂಡು ಟ್ಯಾಂಕು, ಪಲ್ಪರ್ ಮನೆ ಎಂದು ಬಿಡಿಸಿ ಹೇಳಿದರು. ಫೋನಿಟ್ಟು ಶಮೀನಾಳ ಬೆನ್ನು ತಟ್ಟಿದರು. "ನಿನ್ನ ಉತ್ತರ ಸರಿಯಾಗೇ ಇತ್ತು ಬಿಡೇ. ಪಾಪ, ಅವನಿಗೆ ಸಿಲಬಸ್ ಗೊತ್ತಿಲ್ಲ."

ಎಲ್ಲ ಸರಿ. ಆದರೆ ಪರೀಕ್ಷೆ ಬರೆಯುವುದು ಕೂತುಕೊಂಡು ಎಂಬುದು ಯಾರಿಗೂ ಹೊಳೆದಿರಲಿಲ್ಲ! ಶಾಲೆಯ ಪೂರ್ವಸಿದ್ಧತಾ ಪರೀಕ್ಷೆ ಮುಗಿದ ಸಂಜೆ ಅಲ್ಲಿಯ ಮೇಷ್ಟರ ಫೋನು: "ಮೇಡಂ, ನಿಮ್ಮ ಐದೂ ಜನ ಮೇಜಿನಡಿ ಕಾಲು ಕುಣಿಸ್ತಾ ಕಿಟಕಿ ನೋಡ್ತಾ ಕೂತಿದ್ರು. ಸೆಲ್ವಿ ಮಾತ್ರ 'ಸಾರ್, ಗೇಟಿನ ತನಕ ಹೋಗಿ ಬರ್ಲಾ' ಅಂತ ಮೂರು ಸಲ ಕೇಳಿದ್ಳು. ಏನು ಕಾಯಿಲೆ ಮೇಡಂ?"

ಸೆಲ್ವಿಯ ಉತ್ತರಪತ್ರಿಕೆಯಲ್ಲಿ ಅರ್ಧ ಪುಟವೂ ತುಂಬಿರಲಿಲ್ಲ.

"ಕೂತ್ರೆ ಪದ್ಯ ಬರಲ್ಲ ಮೇಡಂ" ಎಂದಳು ಹುಡುಗಿ. ಕಣ್ಣು ತುಂಬಿತ್ತು. "ಅಮ್ಮ ಚೀಲ ಹೊಲಿಸ್ತಾ ಇದ್ದಾರೆ."

ಅತ್ತೆ ಆ ದಿನ ಅಂಗಳವನ್ನು ಎಷ್ಟು ಸುತ್ತು ಹಾಕಿದರೆಂದರೆ ಹಿಂದೆ ಓಡಿದ ನಾಯಿ ಸುಸ್ತಾಗಿ ಮಲಗಿತು. ಮರುದಿನ ಕಾಫಿ ಒಣಗಿಸುವ ಕಣದಲ್ಲಿ ಐದು ಗೋಣಿಚೀಲ ಹಾಸಿದರು. ನೆಲವಾದ್ದರಿಂದ ಸೆಲ್ವಿಯೂ ಕೂತಳು. ಅತ್ತೆ ಸುತ್ತಲೂ ನಡೆಯುತ್ತಾ, "ಕಣ್ಣು ಮುಚ್ಚಿ. ಗೇಟಿನಿಂದ ಹೊರಡಿ. ಸಿಲ್ವರ್ ಮರ ಬಂತಾ? ನಿಂತು ಪದ್ಯ ಹೇಳಿ."

"ಮೇಡಂ, ನಾಯಿ ಹಿಂದೇನೇ ಬರ್ತಾ ಉಂಟು!" ಎಂದಳು ಶಮೀನಾ ಕಣ್ಣು ಮುಚ್ಚಿಕೊಂಡೇ.

"ಬರ್ಲಿ ಬಿಡೇ, ಅದಕ್ಕೂ ಪದ್ಯ ಬರುತ್ತೆ!"

ಪರೀಕ್ಷೆಯ ದಿನ ಅತ್ತೆ ಕೇಂದ್ರದ ಹೊರಗೆ ಮೂರು ಗಂಟೆ ರಸ್ತೆ ಅಳೆದರು. ಜೊತೆಗೆ ನಾನು, ನನ್ನ ಮಂಡಿನೋವು. ಪೊಲೀಸಿನವನಿಗೆ ಅನುಮಾನ ಬಂತು. "ಏನಮ್ಮಾ, ಒಳಗೆ ಚೀಟಿ ಕಳಿಸೋಕಾ?"

"ಚೀಟಿ ಕಳಿಸೋ ಬುದ್ಧಿ ಇದ್ದಿದ್ರೆ ವರ್ಷವಿಡೀ ತೋಟ ಯಾಕೆ ಸುತ್ತಿಸ್ತಿದ್ದೆನಪ್ಪಾ?"

ಗಂಟೆ ಹೊಡೆಯಿತು. ಸೆಲ್ವಿ ಹೊರಬಂದು ಹೇಳಿದ್ದು ಒಂದೇ ಮಾತು: "ಪಲ್ಪರ್ ಮನೆ ತನಕ ಹೋದೆ ಮೇಡಂ."

ಫಲಿತಾಂಶದ ಬೆಳಿಗ್ಗೆ ಶಮೀನಾಳ ಫೋನು ಮೊದಲು ಬಂತು. ಎಲ್ಲರೂ ಪಾಸು, ಸೆಲ್ವಿಯೂ. ಸ್ವಲ್ಪ ಹೊತ್ತಿಗೆ ಸೆಲ್ವಿಯೇ ಅಮ್ಮನ ಜೊತೆ ಬಂದಳು, ಕೈಯಲ್ಲಿ ಮೈಸೂರುಪಾಕಿನ ಪೊಟ್ಟಣ. ಇಬ್ಬರೂ ಅಂಗಳದಲ್ಲಿ, ಚಪ್ಪಲಿಗಳ ಪಕ್ಕ ನಿಂತರು.

ಜಗಲಿಯಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದ ಅತ್ತೆ ನಿಂತರು. ಬೆತ್ತದ ಕುರ್ಚಿ ಎಳೆದುಕೊಂಡು ಕೂತರು. ಪಕ್ಕದ ಕುರ್ಚಿಯ ಮೇಲಿದ್ದ ಕೊಡೆಯನ್ನು ತೆಗೆದು ನೆಲಕ್ಕಿಟ್ಟರು. ಬಾ ಎಂದೂ ಹೇಳಲಿಲ್ಲ.

ಸೆಲ್ವಿ ಪೊಟ್ಟಣವನ್ನು ಅಮ್ಮನ ಕೈಗಿತ್ತಳು. ಆಮೇಲೆ ಮೆಟ್ಟಿಲು ಹತ್ತಿ ಬಂದು ಕುರ್ಚಿಯ ಅಂಚಿನಲ್ಲಿ ಕೂತಳು. ಅಂಗಳದ ಕಡೆ ತಿರುಗಿ, "ಅಮ್ಮಾ, ವಾಮ್ಮಾ" ಎಂದು ಕರೆದಳು.

"ಒಳಗಿಂದ ಇನ್ನೊಂದು ಕುರ್ಚಿ ತಾರೋ" ಎಂದರು ಅತ್ತೆ.

ತಂದಿಟ್ಟೆ. ಕಾಫಿಯನ್ನೂ ಆ ದಿನ ನಾನೇ ಮಾಡಿದೆ. ಮೂವರೂ ಕೂತು ಕುಡಿದರು.