ಮೊದಲ ಹದಿನೈದು ಓವರು

ನಮ್ಮ ಉಪ್ಪಾರಹಳ್ಳಿ ಟೀಮು ಹೆಸರು ಮಾಡಿದ್ದು ಆಟದಿಂದಲ್ಲ, ಎಡವಟ್ಟುಗಳಿಂದ. ಒಂದು ಮರೆಯುವಷ್ಟರಲ್ಲಿ ಇನ್ನೊಂದು ಆಗುತ್ತಿತ್ತು. ಅದರಲ್ಲೂ ತೊಂಬತ್ತಾರರ ವಿಶ್ವಕಪ್ಪಿನಲ್ಲಿ ಶ್ರೀಲಂಕಾದವರು ಒಂದು ದಿನದ ಆಟವನ್ನೇ ತಲೆಕೆಳಗು ಮಾಡಿದ ಮೇಲೆ ನಮ್ಮ ಪಾಡು ಕೇಳಬೇಡಿ. ನಾನು ವಿಕೆಟ್ ಕೀಪರ್, ಹಾಗಾಗಿ ಎಲ್ಲವನ್ನೂ ಹತ್ತಿರದಿಂದ ನೋಡಿದ್ದೇನೆ.

೧. ಹೈಲೈಟ್ಸು

ಅಲ್ಲಿಯವರೆಗೆ ಮೊದಲ ಹದಿನೈದು ಓವರು ನಮ್ಮ ಬೀದಿಯಲ್ಲಿ ಯಾರೂ ನೋಡುತ್ತಿರಲಿಲ್ಲ. ಓಪನರ್‌ಗಳು ಚೆಂಡು ಹಳೆಯದಾಗುವವರೆಗೆ ಕುಟ್ಟುತ್ತಾ ನಿಲ್ಲುವುದು, ಅಷ್ಟರಲ್ಲಿ ನಾವು ಸ್ನಾನ, ತಿಂಡಿ ಮುಗಿಸುವುದು ವಾಡಿಕೆ.

ಅವತ್ತು ನಮ್ಮ ಮನೆ ಓನರ್ರು ಸ್ನಾನ ಮಾಡಿ, ಹಣೆ ತುಂಬ ವಿಭೂತಿ ಹಚ್ಚಿ, ಸಾವಕಾಶವಾಗಿ ಬಂದು ಟಿವಿ ಮುಂದೆ ಕೂತರು. ಲಂಕಾದ ಓಪನರ್ ಫೀಲ್ಡರುಗಳ ತಲೆ ಮೇಲೆ ಬಾರಿಸುತ್ತಿದ್ದ.

"ಹೈಲೈಟ್ಸ್ ಯಾಕ್ಲಾ ಹಾಕಿದೀಯ? ಲೈವ್ ಹಾಕು."

"ಲೈವೇ ಕಣಣ್ಣ."

"ಸುಳ್ಳು ಹೇಳ್ಬ್ಯಾಡ. ಇಷ್ಟು ಬೇಗ ಯಾರ್ಲಾ ಹೊಡೀತಾರೆ?" ಎಂದು ಎದ್ದು ಟಿವಿಯ ತಲೆಗೆ ಎರಡು ಬಡಿದರು. ಇನ್ನೊಂದು ಸಿಕ್ಸರ್ ಹೋಯಿತು.

ಮುಂದಿನ ಪಂದ್ಯದಲ್ಲಿ ಓನರ್ರು ಮೊದಲ ಚೆಂಡಿಗೇ ಹಾಜರಿದ್ದರು. ಸ್ನಾನವನ್ನು ಕೊನೆಯ ಹತ್ತು ಓವರಿಗೆ ಇಟ್ಟುಕೊಂಡರು.

೨. ಉಲ್ಟಾ ಆರ್ಡರು

ನಮ್ಮ ಕ್ಯಾಪ್ಟನ್ ಹಾರ್ಡ್‌ವೇರ್ ಅಂಗಡಿ ಸಾಹುಕಾರ. ಓಪನರ್ ಒಬ್ಬರು ವಿಮೆ ಏಜೆಂಟರು. ನಿಧಾನವೇ ಪ್ರಧಾನ ಎಂದು ನಂಬಿದ್ದ ಮನುಷ್ಯ. ಅವರು ಹೊಸ ಚೆಂಡಿಗೆ ಬ್ಯಾಟು ಬೀಸಿದ್ದನ್ನು ಕಂಡವರಿಲ್ಲ.

"ಲಂಕಾದೋರು ಹೊಡೆಯೋರ್ನ ಮೊದ್ಲು ಕಳಿಸ್ತಾವ್ರೆ. ನಮ್ ಹೊಡೆಯೋರೆಲ್ಲ ಕೊನೇಗವ್ರೆ. ಆರ್ಡರ್ ಉಲ್ಟಾ ಮಾಡುವ," ಎಂದ ಸಾಹುಕಾರ. ಏಜೆಂಟರು ಹನ್ನೊಂದನೆಯವರಾದರು. ಪಾಪ, ಅವರ ಮುಖ ನೋಡಿ ನನಗೇ ಬೇಜಾರಾಯಿತು.

ಗುಬ್ಬಿಯಲ್ಲಿ ಮೊದಲ ಪ್ರಯೋಗ. ತಮ್ಮ ಸರದಿ ಬರುವಷ್ಟರಲ್ಲಿ ಸಂಜೆಯಾಗುತ್ತದೆಂದು ಏಜೆಂಟರು ಹೋಟೆಲಿಗೆ ಹೋಗಿ ತಟ್ಟೆ ಇಡ್ಲಿ ತಿಂದು, ಹೋಟೆಲಿನವನಿಗೆ ಒಂದು ಪಾಲಿಸಿಯನ್ನೂ ಒಪ್ಪಿಸಿ ಬಂದರು. ಮೈದಾನದಲ್ಲಿ ಗುಬ್ಬಿಯವರು ಬ್ಯಾಟು ಹಿಡಿದು ನಿಂತಿದ್ದರು.

"ಏನು ಸಾವ್ಕಾರ್ರೇ, ನಮ್ದು ಬ್ಯಾಟಿಂಗ್ ಇನ್ನೂ ಶುರುವಾಗ್ಲಿಲ್ವಾ?"

"ಮುಗೀತು."

೩. ಕುಣಿಗಲ್ಲಿನ ಫೈನಲ್

ಆದರೂ ಸಾಹುಕಾರ ಹಟ ಬಿಡಲಿಲ್ಲ. ಹೇಗೋ ಏನೋ, ಒಂದು ವರ್ಷ ಕುಣಿಗಲ್ಲಿನ ಟೂರ್ನಮೆಂಟಿನಲ್ಲಿ ಫೈನಲ್ಲಿಗೇ ಬಂದೆವು. ನಮ್ಮ ಟೀಮು ಹುಟ್ಟಿದಾಗಿನಿಂದ ಒಂದು ಕಪ್ಪೂ ಗೆದ್ದಿರಲಿಲ್ಲ. ಸಾಹುಕಾರ ಅಂಗಡಿಯಲ್ಲಿ ಗಾಜಿನ ಶೋಕೇಸು ಮಾಡಿಸಿ, ಬಲ್ಬು ಕೂಡ ಹಾಕಿಸಿದ್ದ. ಬೀದಿಯವರೆಲ್ಲ ಲಾರಿ ಹತ್ತಿ ಬಂದಿದ್ದರು.

ಕೊನೆಗೆ ಉಳಿದವರು ನಾನು ಮತ್ತು ಏಜೆಂಟರು. ಕೊನೆಯ ಓವರಿಗೆ ಮುಂಚಿನ ಚೆಂಡಿಗೆ ನಾನು ಕಣ್ಣು ಮುಚ್ಚಿ ಬ್ಯಾಟು ಬೀಸಿದೆ. ಸಿಕ್ಸರ್! ಚೆಂಡು ನೇರ ಕೆರೆಗೆ ಬಿತ್ತು. ಇನ್ನು ಆರು ಚೆಂಡು, ಎರಡು ರನ್ನು; ಓವರು ಬದಲಾದ್ದರಿಂದ ಆಡುವ ಸರದಿ ಏಜೆಂಟರದು. ಬೀದಿಯವರು ಆಗಲೇ ಕುಣಿಯುತ್ತಿದ್ದರು.

ಅಂಪೈರ್ ಡಬ್ಬಿ ಬಿಚ್ಚಿ ಹೊಸ ಚೆಂಡು ತೆಗೆದ. ಕೆಂಪಗೆ ಮಿರಮಿರ ಮಿಂಚುತ್ತಿತ್ತು. ಏಜೆಂಟರ ಮುಖವೂ ಅರಳಿತು. ಮೊದಲ ಚೆಂಡನ್ನು ಬ್ಯಾಟೆತ್ತಿ ಬಿಟ್ಟರು. ಎರಡನೆಯದನ್ನೂ ಬಿಟ್ಟರು. ನಾನು ಓಡಿ ಹೋದೆ.

"ಯಾಕ್ ಸಾರ್?"

"ಹೊಸ ಬಾಲು ಕಣಪ್ಪ. ಮೊದ್ಲು ಮರ್ಯಾದೆ ಕೊಡ್ಬೇಕು."

"ಎರಡೇ ರನ್ ಸಾರ್ ಬೇಕಾಗಿರೋದು!"

"ಅದಕ್ಕೇ ರಿಸ್ಕ್ ಬ್ಯಾಡ ಅನ್ನೋದು."

ಬೌಂಡರಿಯಿಂದ ಸಾಹುಕಾರ ಟವೆಲ್ ಬೀಸಿ, "ಹೊಡೀರೀ ಸ್ವಾಮಿ, ಕಾಲಿಗೆ ಬೀಳ್ತೀನಿ!" ಎಂದು ಅರಚುತ್ತಿದ್ದ. ಏಜೆಂಟರು ಮೂರು, ನಾಲ್ಕು, ಐದನೆಯದನ್ನು ಕಾಲ ಬುಡದಲ್ಲೇ ಕುಟ್ಟಿ ನಿಲ್ಲಿಸಿದರು. ನಾನು ಅರ್ಧ ಪಿಚ್ಚು ಓಡಿ ಓಡಿ ವಾಪಸ್ಸು ಬಂದೆ. ಆರನೆಯದನ್ನೂ ಎದೆ ಬಗ್ಗಿಸಿ, ಪಾಠ ಹೇಳಿಕೊಡುವ ಹಾಗೆ ತಡೆದರು.

ಸೋತೆವು. ನನಗಂತೂ ಅಳುವೇ ಬಂತು. ಬೀದಿಯವರು ಒಬ್ಬೊಬ್ಬರಾಗಿ ಲಾರಿ ಹತ್ತತೊಡಗಿದರು. ಸಾಹುಕಾರ ನೆಲದ ಮೇಲೆ ಕೂತುಬಿಟ್ಟಿದ್ದ. ಏಜೆಂಟರು ಚೆಂಡನ್ನು ಎತ್ತಿಕೊಂಡು, ತಿರುಗಿಸಿ ತಿರುಗಿಸಿ ನೋಡುತ್ತಾ, ಬಹಳ ಸಮಾಧಾನದಿಂದ ಅವನ ಬಳಿಗೆ ನಡೆದು ಬಂದರು.

"ನೋಡಿ ಸಾವ್ಕಾರ್ರೇ, ಶೈನ್ ಪೂರ್ತಿ ತೆಗೆದಿದೀನಿ. ಮುಂದಿನ ಓವರಿಂದ ನೀವು ಹೇಳ್ದಂಗೇ ಹೊಡೀತೀನಿ."