ಕೆಂಪು ಚಿಂದಿ ಕಟ್ಟಿದ ಬದನೆಕಾಯಿ

ಸಲಹೆ ಕೊಡುವುದೂ ಒಂದು ಚಟ. ತಂಬಾಕಿಗಾದರೂ ದುಡ್ಡು ಬೇಕು, ಇದಕ್ಕೆ ಎದುರಿಗೆ ಒಂದು ಕಿವಿ ಇದ್ದರೆ ಸಾಕು. ರಾಣೇಬೆನ್ನೂರಿನ ಹೈಸ್ಕೂಲಿನಲ್ಲಿ ಮಾಸ್ತರನಾಗಿದ್ದ ನನಗೆ ವಾರವಿಡೀ ಕಿವಿಗಳಿಗೇನೂ ಬರವಿರಲಿಲ್ಲ. ಒಂದೂ ಕೇಳುತ್ತಿರಲಿಲ್ಲ, ಅಷ್ಟೇ. ಹಾಗಾಗಿ ರವಿವಾರ ನಮ್ಮೂರು ಮೇಡ್ಲೇರಿಗೆ ಹೋಗಿ ಅವ್ವನ ಮುಂದೆ ಶುರು ಮಾಡುತ್ತಿದ್ದೆ.

ಅವ್ವ ಮದುವೆಯಾದಾಗ ಹೊಸರಿತ್ತಿಯ ತವರಿನಿಂದ ಸೆರಗಿನಲ್ಲಿ ಕಟ್ಟಿಕೊಂಡು ಬಂದ ಬದನೆ ಬೀಜ ನಮ್ಮ ಹೊಲದಲ್ಲಿ ನನಗಿಂತ ಹಿರಿಯದು. ಪ್ರತಿವರ್ಷ ಒಳ್ಳೆಯ ಕಾಯಿಯೊಂದಕ್ಕೆ ಕೆಂಪು ಚಿಂದಿ ಕಟ್ಟುವಳು. ಬೀಜಕ್ಕೆ ಬಿಟ್ಟದ್ದು, ಯಾರೂ ಮುಟ್ಟುವಂತಿಲ್ಲ. ಬೀಜವನ್ನು ಬೂದಿಯಲ್ಲಿ ಕಲಸಿ ಗಡಿಗೆಯಲ್ಲಿಟ್ಟು, ಮಿಕ್ಕಿದ್ದನ್ನು ಓಣಿಗೆಲ್ಲ ಹಂಚುವಳು. ಆ ಪುಟ್ಟ ಕಾಯಿಯ ಎಣ್ಣೆಗಾಯಿ ಇದ್ದ ದಿನ ನಾನು ರೊಟ್ಟಿ ಎಷ್ಟಾದವೆಂದು ನೋಡುತ್ತಿರಲಿಲ್ಲ. ಆದರೂ ಒಂದು ರವಿವಾರ ಪೇಟೆಯಿಂದ ಹೈಬ್ರಿಡ್ ಬೀಜದ ಮಿರಿಮಿರಿ ಪಾಕೀಟು ತಂದೆ. ಓಣಿಗೂ ಉಪದೇಶ ಮಾಡಿದೆ. ಆ ವರ್ಷ ಎಲ್ಲ ಕಾಯಿಯೂ ಒಂದೇ ಅಳತೆ, ಒಂದೇ ಹೊಳಪು. ಲಾರಿಯವರು ಹೊಲಕ್ಕೇ ಬಂದು ಒಯ್ದರು. ರುಚಿ ಮಾತ್ರ ಮಸಾಲೆಯದು. ದುಡ್ಡು ಬಂದ ಹಿಗ್ಗಿನಲ್ಲಿ ಹಳೆಯ ಬೀಜದ ಗಡಿಗೆಯನ್ನು ನಾನೇ ತಿಪ್ಪೆಗೆ ಸುರುವಿದೆ.

ಅವ್ವ ರೂಢಿಯಂತೆ ಹೈಬ್ರಿಡ್ ಕಾಯಿಗೂ ಕೆಂಪು ಚಿಂದಿ ಕಟ್ಟಿದಳು. ಮರುವರ್ಷ ಆ ಬೀಜ ಹಾಕಿದರೆ ಒಂದು ಗಿಡದಂತೆ ಇನ್ನೊಂದಿಲ್ಲ. ಒಂದರಲ್ಲಿ ಉದ್ದ, ಒಂದರಲ್ಲಿ ಗುಂಡು, ಕೆಲವುಗಳಲ್ಲಿ ಬರೀ ಎಲೆ. ಅಂಗಡಿಯವನನ್ನು ಕೇಳಿದೆ. "ಈ ಬೀಜ ವರ್ಷಾ ವರ್ಷಾ ಹೊಸಾದು ಒಯ್ಯಬೇಕ್ರಿ ಸರ" ಎಂದ. ಅವ್ವ ಬಯ್ಯಲಿಲ್ಲ. "ತವರಮನಿದು ಅಂತ ಅದೊಂದ ಉಳದಿತ್ತಪಾ" ಎಂದಳು. 

ಓಣಿಯಲ್ಲಿ ಹಂಚಿದ್ದು ಇದ್ದೀತೆಂದು ಹೊರಟೆ. ಪಕ್ಕದ ಮನೆಯ ಹುಸೇನಬಿ, "ನೀವ ಹೇಳಿದ್ರೆಲ್ರಿ ಮಾಸ್ತರ, ನಾವೂ ಪಾಕೀಟಿಂದ ಹಚ್ಚೇವಿ. ಹಳೇದು ಯಾರ ಇಟ್ಟಾರ್ರಿ?" ಎಂದಳು. ಮನೆ ಮನೆಯಲ್ಲೂ ಅದೇ ಉತ್ತರ. ಜನ್ಮದಲ್ಲಿ ಒಮ್ಮೆ ಎಲ್ಲರೂ ನನ್ನ ಮಾತು ಕೇಳಿದ್ದರು!

ಕೊನೆಯ ಮನೆ ಸೋದರತ್ತೆ ಬಸಮ್ಮನದು. "ಅತ್ತಿ, ನಮ್ಮ ಬದನಿ ಬೀಜ..." ಎಂದೆ. "ಐತಿ, ತಗೋ. ನಿನ್ನ ಮಾತು ನಾ ಎಂದ ಕೇಳೇನಿ? ಸಣ್ಣಾವಿದ್ದಾಗಿಂದ ನೋಡೇನಿ, ನಿನ್ನ ಯಾರರೆ ಶಾಣ್ಯಾ ಅಂದಾರೇನು?" ಎನ್ನುತ್ತ ಗಡಿಗೆಯಿಂದ ಒಂದು ಹಿಡಿ ಬೂದಿ ತೆಗೆದು ನನ್ನ ಬೊಗಸೆಗೆ ಸುರಿದಳು. ಅದರೊಳಗೆ ಬೀಜ. ಬೈಸಿಕೊಂಡು ಅಷ್ಟು ಸಂತೋಷ ನನಗೆ ಎಂದೂ ಆಗಿರಲಿಲ್ಲ.

ಈಗಲೂ ನನ್ನ ಚಟ ಬಿಟ್ಟಿಲ್ಲ. ಅವ್ವನೂ ಬೇಡ ಅನ್ನುವುದಿಲ್ಲ. ನಾನು ಬಾಯಿ ತೆರೆದ ಕೂಡಲೇ ಎದ್ದು, ಬಸಮ್ಮತ್ತೆಯ ಮನೆಗೆ ಒಂದು ಹಿಡಿ ಬೀಜ ಮುಟ್ಟಿಸಿ ಬಂದು ಕೂತು, "ಹೂಂ, ಈಗ ಹೇಳಪಾ" ಅನ್ನುತ್ತಾಳೆ.